ಅಂಗಳದಲ್ಲಿ ಅಡಿಕೆ, ಮಳೆ ಲೆಕ್ಕದವರಿಗೆ ಜಾಗರಣೆ

ಅಗಲ್ಪಾಡಿ: ಡಿಸೆಂಬರ್ ಬಂತೆಂದರೆ ಇಲ್ಲಿನ ಅಂಗಳಗಳಲ್ಲಿ ಕಾಲಿಡಲು ಜಾಗವಿಲ್ಲ, ಎಲ್ಲೆಲ್ಲೂ ಅಡಿಕೆ. ಚಾಲಿಯಾಗಲು ಸುಮಾರು 40 ಬಿಸಿಲು ಬೇಕು. ನಡುವೆ ಗಾಳಿ-ಮಳೆ ಬಂದರೆ ಬೂಸ್ಟು ಹಿಡಿದು ದರ ಇಳಿಯುತ್ತದೆ.

2024ರ ‘ಫೆಂಗಲ್’ ಚಂಡಮಾರುತ ಆ ಹೆದರಿಕೆ ಹುಟ್ಟಿಸಿತ್ತು. ನವೆಂಬರ್ 30ರ ರಾತ್ರಿ ಪುದುಚೇರಿ ಬಳಿ ನೆಲ ಮುಟ್ಟಿ ದುರ್ಬಲವಾದರೂ ಪಶ್ಚಿಮಕ್ಕೇ ಸರಿಯಿತು. ಡಿ. 2ರಂದು ಕಾಸರಗೋಡಿಗೂ ರೆಡ್ ಅಲರ್ಟ್.

ಮಳೆಮಾಪಕ ಇಟ್ಟು ದಿನಾ ಲೆಕ್ಕ ಬರೆಯುವ ಕೃಷಿಕರು ಗಡಿಯ ಈಚೆಗೂ ಆಚೆಗೂ ಇದ್ದಾರೆ. ಅಂಥ ರಾತ್ರಿ ಅವರಿಗೆ ನಿದ್ದೆ ಎಲ್ಲಿಂದ? ಮೊಬೈಲಿನಲ್ಲಿ ಉಪಗ್ರಹದ ಚಿತ್ರ ನೋಡುವುದು, ಹೊರಗೆ ಬಂದು ಗಾಳಿಯ ದಿಕ್ಕು ನೋಡುವುದು, ಟಾರ್ಪಾಲಿನ ಮೇಲೆ ಇನ್ನೆರಡು ಕಲ್ಲು ಹೇರುವುದು. ಮೋಡ ಮೂಡಣದಿಂದ ಬರುವ ಕಾರಣ ಮೊದಲು ಸುಳ್ಯದ ನೆಂಟರಿಗೆ ಫೋನು: ‘ಅಲ್ಲಿ ಸುರು ಆಯ್ತಾ?’

ಇದೆಲ್ಲ ಮರುಳು ಅಂತ ನಗುವವರೂ ಉಂಟು. ಆದರೆ ಒಂದು ಮಿ.ಮೀ. ಮಳೆಯೆಂದರೆ ಚದರ ಮೀಟರಿಗೆ ಒಂದು ಲೀಟರ್ ನೀರು. 10 ಸೆಂಟ್ಸ್ ಅಂಗಳಕ್ಕೆ 100 ಮಿ.ಮೀ. ಬಿದ್ದರೆ 40 ಸಾವಿರ ಲೀಟರ್! ಇಲಾಖೆಯ ಅಲರ್ಟ್ ಇಡೀ ಜಿಲ್ಲೆಗೆ. ನಮ್ಮ ಗುಡ್ಡೆಯ ಆಚೆ ಬಿದ್ದು ಈಚೆ ಬೀಳದ ಮಳೆಯನ್ನು ಹೇಳುವುದು ಈ ಲೆಕ್ಕದ ಪುಸ್ತಕಗಳೇ.

ಬೆಳಿಗ್ಗೆ 8.30ಕ್ಕೆ ಮಾಪಕ ನೋಡಿ ಬರೆದಿಟ್ಟು, ಮತ್ತೆ ಟಾರ್ಪಾಲು ಬಿಡಿಸಲು ಸುರು.