ಸಂಧಾನದ ಸೀನು

2025ರ ಫೆಬ್ರುವರಿ ಕೊನೆಯಲ್ಲಿ ವಿಧಾನಸೌಧದ ಆವರಣದಲ್ಲಿ ಪುಸ್ತಕ ಮೇಳ ನಡೆದಾಗ, ಜನರಿಗೆ ಗೇಟು ತೆರೆದದ್ದೇ ದೊಡ್ಡ ಸುದ್ದಿಯಾಯಿತು. ನಮ್ಮ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಹಳ್ಳಿಗಳಲ್ಲಿ ನಾಟಕದ ರಾಜಸಭೆಗೆ ಗೇಟೇ ಇಲ್ಲ. ಸುಗ್ಗಿ ಮುಗಿದು ಜಾತ್ರೆಗಳು ಶುರುವಾದರೆ ಒಂದಲ್ಲ ಒಂದು ಊರಲ್ಲಿ 'ಕುರುಕ್ಷೇತ್ರ' ನಾಟಕ ಇದ್ದೇ ಇರುತ್ತದೆ. ಗದಾಯುದ್ಧ ಮುಗಿಯುವ ಹೊತ್ತಿಗೆ ಕೋಳಿ ಕೂಗಿರುತ್ತದೆ. ಆ ಇಡೀ ರಾತ್ರಿಯಲ್ಲಿ ನಾನು ಕಾಯುವುದು ಸಂಧಾನಕ್ಕೆ: ಯುದ್ಧ ಬೇಡ, ಐದೂರು ಕೊಟ್ಟರೆ ಸಾಕು ಎಂದು ಕೃಷ್ಣ ಕೌರವರ ಸಭೆಗೆ ಬರುವ ಸೀನಿಗೆ.

ಇದನ್ನು ಕಟ್ಟುವವರು ಹಾರ್ಮೋನಿಯಂ ಮೇಷ್ಟ್ರು. ಹಗಲೆಲ್ಲ ಹೊಲದಲ್ಲಿ, ಅಂಗಡಿಯಲ್ಲಿ ದುಡಿದವರು ರಾತ್ರಿ ಊಟ ಮಾಡಿ ದೇವಸ್ಥಾನದ ಜಗುಲಿಗೆ ಬರುತ್ತಾರೆ. ಪಾತ್ರಕ್ಕೆ ಇಷ್ಟು ಎಂದು ಕೈಯಿಂದ ದುಡ್ಡು ಹಾಕಿರುತ್ತಾರೆ. ಕೃಷ್ಣ, ದುರ್ಯೋಧನರಿಗೆ ರೇಟು ಜಾಸ್ತಿ. ಕೃಷ್ಣನನ್ನು ಇಬ್ಬರೋ ಮೂವರೋ ಹಂಚಿಕೊಳ್ಳುವುದೂ ಉಂಟು. ಶಯನದ ಸೀನಿನ ಕೃಷ್ಣ ಸಣಕಲ, ಸಂಧಾನದ ಕೃಷ್ಣ ದಢೂತಿ. ಯಾರೂ ಆಕ್ಷೇಪಿಸುವುದಿಲ್ಲ.

ಮೇಷ್ಟ್ರು ಮೊದಲು ಗಂಟಲು ನೋಡುತ್ತಾರೆ. ಒಂದೇ ಬೆರಳಲ್ಲಿ ಒಂದು ಮನೆ ಒತ್ತಿ ಹಿಡಿದು, "ಎಲ್ಲಪ್ಪ, ಹೇಳು" ಅನ್ನುತ್ತಾರೆ. ಏರದಿದ್ದರೆ ಇನ್ನೊಂದು ಮನೆ. ಶ್ರುತಿ ಕೂತ ಮೇಲೆ ಪದ್ಯ ತುಂಡುತುಂಡಾಗಿ, ಆಮೇಲೆ ಮಾತು. ಕೃಷ್ಣನ ಮೊದಲ ಪದ್ಯ ತಗ್ಗಿದ ಸ್ವರದಲ್ಲಿರಬೇಕು, ಮುಖ ಧೃತರಾಷ್ಟ್ರನ ಕಡೆಗಿರಬೇಕು. ಕೇಳಬೇಕಾದದ್ದು ಮಗನನ್ನಾದರೂ ಮಾತು ಶುರುವಾಗುವುದು ಹಿರಿಯನಿಂದ. ಕೃಷ್ಣನ ಕೊನೆಯ ಎಳೆತ ಇಳಿಯುವ ಮೊದಲೇ ದುರ್ಯೋಧನ ಎತ್ತಿಕೊಳ್ಳಬೇಕು. ನಡುವೆ ಗಾಳಿ ಹೊಕ್ಕರೆ ಸಭೆ ಸತ್ತಂತೆ. ಈ ಎತ್ತುಗಡೆಯೊಂದಕ್ಕೇ ಮೇಷ್ಟ್ರು ವಾರಗಟ್ಟಲೆ ತಿದ್ದುತ್ತಾರೆ. ಭೀಷ್ಮ, ದ್ರೋಣರಿಗೂ ಪಾಠವಿದೆ: ಮಾತಿಲ್ಲದ ಹೊತ್ತಲ್ಲಿ ಗಡ್ಡ ಕೆರೆದುಕೊಳ್ಳದೆ ಕೂರುವುದು.

ನನ್ನ ಮಟ್ಟಿಗೆ ಕೃಷ್ಣನಿಗಿಂತ ದುರ್ಯೋಧನ ಕಷ್ಟ. ಕೃಷ್ಣನ ಪರ ಜನ ಮೊದಲೇ ಇದ್ದಾರೆ. ಅಪ್ಪನಿಗೆ ಕಣ್ಣಿಲ್ಲವೆಂದು ತಪ್ಪಿದ ಪಟ್ಟ ನನಗೂ ತಪ್ಪಬೇಕೇ ಎಂಬ ಅವನ ವಾದಕ್ಕೆ ಒಂದು ಗಳಿಗೆಯಾದರೂ ಎದುರು ಕೂತ ಮುದುಕರು ತಲೆದೂಗಬೇಕು. ತೂಗಿದರೆ "ಒನ್ಸ್ ಮೋರ್!" ಆಗ ಬಾಮೈದನೊಬ್ಬ ಹಾರ, ನೋಟು ಹಿಡಿದು ಸ್ಟೇಜು ಹತ್ತುತ್ತಾನೆ, ಮೈಕಿನಲ್ಲಿ ಅವನ ಹೆಸರು ಕೂಗುತ್ತಾರೆ. ಸದನದಲ್ಲಿ ಕ್ರಿಯಾಲೋಪ ಎತ್ತಿದ ಹಾಗೆ ಕೌರವಸಭೆ ಅಷ್ಟು ಹೊತ್ತು ನಿಲ್ಲುತ್ತದೆ.

ಈ ಗೀಳಿನ ಬೇರು ದೂರದಲ್ಲಿಲ್ಲ. ಗುಬ್ಬಿ ನಮ್ಮ ಜಿಲ್ಲೆಯದೇ. 1884ರಲ್ಲಿ ಹುಟ್ಟಿದ ಗುಬ್ಬಿ ನಾಟಕ ಕಂಪನಿ ಗುಬ್ಬಿ ವೀರಣ್ಣನವರ ಕಾಲಕ್ಕೆ 'ಕುರುಕ್ಷೇತ್ರ'ದಲ್ಲಿ ನಿಜವಾದ ಆನೆ ಕುದುರೆಗಳನ್ನೇ ರಂಗಕ್ಕೆ ತಂದಿತ್ತು. ಪಾವಗಡದ ಕಡೆ ಇನ್ನೊಂದು ರುಚಿ ಸೇರುತ್ತದೆ. ಸುತ್ತಲೂ ಆಂಧ್ರ, ತೆಲುಗಿನ ಜೋಡಿಕವಿಗಳಾದ ತಿರುಪತಿ ವೆಂಕಟ ಕವುಲು ಅವರ 'ಪಾಂಡವೋದ್ಯೋಗ ವಿಜಯಾಲು' ನಾಟಕದ ರಾಯಬಾರದ ಪದ್ಯಗಳನ್ನು ಕೇಳಿ ಪಳಗಿದ ಕಿವಿಗಳು. ಅಂಥವರ ಮುಂದೆ ರಾಗ ಕಡಿಮೆ ಎಳೆದ ಕೃಷ್ಣ ಬಚಾವಾಗುವುದಿಲ್ಲ.

ಸಂಧಾನದ ಸೀನು ಬರುವಾಗ ಸರಿರಾತ್ರಿ ದಾಟಿರುತ್ತದೆ. ನೋಡಬೇಕೆನ್ನುವವರು ಕಂಬಳಿ ತನ್ನಿ, ಸ್ಪೀಕರ್ ಬಾಕ್ಸಿನ ಪಕ್ಕ ಮಾತ್ರ ಕೂರಬೇಡಿ.