ಎಳೆಚಳಿಯ ಬೆಳಗುಗಳು

ನಮ್ಮ ಬೆಂಗಳೂರು-ಮೈಸೂರು ಸೀಮೆಯ ಚಳಿಗೆ ಚಳಿಯೆಂಬ ಹೆಸರು ಸಲ್ಲುವುದೇ ಎಂದು ಉತ್ತರ ದೇಶದಿಂದ ಬಂದವರು ನಗುವುದುಂಟು. ಇಲ್ಲಿ ಹಿಮ ಬೀಳದು, ಕೆರೆ ಹೆಪ್ಪುಗಟ್ಟದು, ಮರಗಳು ಒಮ್ಮೆಗೇ ಎಲೆ ಉದುರಿಸಿ ಬೋಳಾಗಿ ನಿಲ್ಲವು. ಬೆಂಗಳೂರಿನ ದಾಖಲೆಯಲ್ಲಿ ಕಾಣುವ ಅತ್ಯಂತ ಕಡಿಮೆಯ ಉಷ್ಣಮಾನ 7.8 ಡಿಗ್ರಿ ಸೆಲ್ಸಿಯಸ್. ಅದಾದರೂ 1884ನೆಯ ಇಸವಿ ಜನವರಿ 13ರ ಮಾತು. ಅಷ್ಟು ಚಳಿಯನ್ನು ಕಂಡವರಾರೂ ಇಂದು ನಮ್ಮ ನಡುವೆ ಇಲ್ಲ. ನಮಗೆ ದೊರೆಯುವುದು ದೀಪಾವಳಿಯ ಹಣತೆಗಳು ಆರಿದ ಮೇಲೆ ಸದ್ದಿಲ್ಲದೆ ಬಂದು, ಬೆಳಗಿನ ಒಂದೆರಡು ಗಂಟೆ ಅಂಗಳದಲ್ಲಿ ನಿಂತು, ಬಿಸಿಲೇರುತ್ತಲೇ ಹೊರಟುಹೋಗುವ ಎಳೆಚಳಿ. ಕಾರ್ತಿಕದ ಉತ್ತರಾರ್ಧದಿಂದ ಮಾರ್ಗಶಿರ ಮುಗಿಯುವವರೆಗೆ ಅದರ ಸೊಗಸು. ಇಷ್ಟು ಸಂಕೋಚದ ಋತುವನ್ನು ಮನೆಯೊಳಗೆ ಹೊದ್ದು ಕುಳಿತು ಅನುಭವಿಸಲಾಗದು. ನಾವೇ ಎದ್ದುಹೋಗಿ ಅದನ್ನು ಕಂಡುಬರಬೇಕು.

ಕಂಡುಬರುವುದಕ್ಕೆ ಒಂದು ನೆಪ ಬೇಕಾಗುತ್ತದೆ. ಕೆಲವರಿಗೆ ವೈದ್ಯರು ಹೇಳಿದ ನಡಿಗೆಯೇ ನೆಪ, ಕೆಲವರಿಗೆ ಹಾಲು ತರುವುದು. ನನಗೆ ಕ್ಯಾಮರಾ. ಹಾಗೆಂದ ಕೂಡಲೇ ವಾಚಕರು ನನ್ನನ್ನು ದೊಡ್ಡ ಛಾಯಾಗ್ರಾಹಕನೆಂದು ಭಾವಿಸಬಾರದು. ತೂಕದ ಮಸೂರಗಳನ್ನು ಹೊತ್ತು ಕಾಡು ಸುತ್ತುವ ತಪಸ್ಸು ನನ್ನದಲ್ಲ. ಆ ತಪಸ್ಸಿನವರು ನಮ್ಮ ನಾಡಿನಲ್ಲಿ ಧಾರಾಳವಾಗಿಯೇ ಆಗಿಹೋಗಿದ್ದಾರೆ: ಟಿ. ಎನ್. ಎ. ಪೆರುಮಾಳ್, ಇ. ಹನುಮಂತರಾವ್, ಸಂಡೂರಿನ ಎಂ. ವೈ. ಘೋರ್ಪಡೆ, ಮೂಡಿಗೆರೆಯ ತೋಟದಲ್ಲಿ ಹಕ್ಕಿಗಳಿಗಾಗಿ ಕಾದು ಕುಳಿತ ಪೂರ್ಣಚಂದ್ರ ತೇಜಸ್ವಿ. ಅವರೆಲ್ಲರ ಬಗೆಗೆ ಗೌರವವಿದೆ. ಆದರೆ ನನ್ನ ಮನಸ್ಸು ಒಲಿಯುವುದು ಮೈಸೂರಿನ ಟಿ. ಎಸ್. ಸತ್ಯನ್ ಅವರ ದಾರಿಗೆ. ಬೀದಿಯ ಮಕ್ಕಳು, ಕೆಲಸದಲ್ಲಿ ಮುಳುಗಿದ ಹೆಂಗಸರು, ಜಗುಲಿಯ ಮುದುಕರು ಇಂಥ ದಿನಬಳಕೆಯ ಬದುಕೇ ಅವರ ವಸ್ತು. ಅಂತರರಾಷ್ಟ್ರೀಯ ಮಕ್ಕಳ ವರ್ಷವಾದ 1979ರಲ್ಲಿ ಅವರು ತೆಗೆದ ಮಕ್ಕಳ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಚೇರಿಯಲ್ಲಿ ಪ್ರದರ್ಶನಗೊಂಡವು. ಅಷ್ಟು ದೂರ ಹೋದ ಆ ಚಿತ್ರಗಳಲ್ಲಿ ಇದ್ದದ್ದು ನಾವು ದಿನವೂ ನೋಡಿಯೂ ನೋಡದೆ ದಾಟಿಹೋಗುವ ಮುಖಗಳು. ಸತ್ಯನ್ ಹುಟ್ಟಿದ್ದು 1923ರ ಡಿಸೆಂಬರಿನಲ್ಲಿ, ತೀರಿಕೊಂಡದ್ದು 2009ರ ಡಿಸೆಂಬರಿನಲ್ಲಿ. ಕಾಕತಾಳೀಯವೆನ್ನಿ, ನನಗಂತೂ ಈ ತಿಂಗಳು ಬಂದರೆ ಅವರ ನೆನಪಾಗುತ್ತದೆ.

ಎಳೆಚಳಿಯ ಕಾಲವು ಚಿತ್ರ ತೆಗೆಯುವವನಿಗೆ ಏಕೆ ಒದಗಿಬರುತ್ತದೆ ಎಂಬುದಕ್ಕೆ ಆಕಾಶದಲ್ಲಿಯೇ ಕಾರಣವುಂಟು. ಏಪ್ರಿಲ್ ತಿಂಗಳ ಕೊನೆಯ ವಾರದ ಹೊತ್ತಿಗೆ ಬೆಂಗಳೂರಿನ ನಡುಹಗಲ ಸೂರ್ಯ ನೆತ್ತಿಯ ನೇರಕ್ಕೇ ಬಂದು ನಿಲ್ಲುತ್ತಾನೆ. ಆಗ ಮನುಷ್ಯನ ನೆರಳು ಅವನ ಕಾಲಡಿಯಲ್ಲಿ ಮುದುಡಿಕೊಂಡಿರುತ್ತದೆ. ಮುಖದಲ್ಲಿ ಕಣ್ಣಿನ ಗುಳಿಗಳು ಕಪ್ಪಾಗಿ ಕಾಣುತ್ತವೆ. ಡಿಸೆಂಬರ್ 21-22ರ ನಡುಹಗಲಿನಲ್ಲಾದರೋ ಅದೇ ಸೂರ್ಯ ದಕ್ಷಿಣಕ್ಕೆ ವಾಲಿ, ದಿಗಂತದಿಂದ ಸುಮಾರು 54 ಡಿಗ್ರಿಗಿಂತ ಮೇಲೇರಲಾರ. ಬೆಳಗ್ಗೆ, ಸಂಜೆಗಳ ಮಾತಂತೂ ಹೇಳಬೇಕಾದ್ದಿಲ್ಲ. ಬೆಳಕು ಓರೆಯಾಗಿ ಬಂದು ಗೋಡೆಯ ಗಾರೆಯ ಒರಟುತನವನ್ನೂ, ಹುಲ್ಲಿನ ಒಂದೊಂದು ಎಸಳನ್ನೂ ಎತ್ತಿ ತೋರಿಸುತ್ತದೆ. ಸೋಮಾರಿಗಳಿಗೆ ಇನ್ನೊಂದು ಅನುಕೂಲವನ್ನೂ ಈ ಋತು ಕಲ್ಪಿಸಿದೆ. ಮೇ ಕೊನೆಯಲ್ಲಿ 6 ಗಂಟೆಗೆ ಮುನ್ನವೇ ಹುಟ್ಟುವ ಸೂರ್ಯ ಡಿಸೆಂಬರಿನ ಕೊನೆಗೆ 6-40ರ ಸುಮಾರಿಗೆ ಕಣ್ಣು ತೆರೆಯುತ್ತಾನೆ. ನಾವು ಕಾಫಿ ಕುಡಿದು ಹೊರಟರೂ ಅವನನ್ನು ಎದುರುಗೊಳ್ಳಬಹುದು.

ಮಂಜಿನ ಬಗೆ ಇನ್ನೂ ಸ್ವಾರಸ್ಯದ್ದು. ಹಿಂಗಾರು ಮಳೆ ನೆಲವನ್ನು ತೋಯಿಸಿ ಹಿಂದೆ ಸರಿಯುತ್ತಿದ್ದಂತೆ ಆಕಾಶ ತಿಳಿಯಾಗುತ್ತದೆ. ಮೋಡದ ಹೊದಿಕೆಯಿಲ್ಲದ ರಾತ್ರಿಯಲ್ಲಿ ನೆಲ ತನ್ನ ಕಾವನ್ನೆಲ್ಲ ಬಾನಿಗೆ ಬಿಟ್ಟುಕೊಟ್ಟು ತಣ್ಣಗಾಗುತ್ತದೆ. ಅದನ್ನು ತಾಕಿದ ತೇವದ ಗಾಳಿ ಹುಲ್ಲಿನ ಮೇಲೆ ಇಬ್ಬನಿಯಾಗಿ, ನೆಲದ ಮೇಲೆ ಮಂಜಾಗಿ ನಿಲ್ಲುತ್ತದೆ. ಗಾಳಿ ಬೀಸಿದರೆ ಮಂಜು ಕೂಡುವುದಿಲ್ಲ. ಮೋಡ ಕವಿದರೂ ಕೂಡುವುದಿಲ್ಲ. ಹಾಗಾಗಿ ಹಿಂದಿನ ರಾತ್ರಿ ಮಲಗುವ ಮುನ್ನ ಅಂಗಳಕ್ಕೆ ಬಂದು, ನಕ್ಷತ್ರಗಳು ಸ್ಪಷ್ಟವಾಗಿ ಕಾಣುತ್ತಿವೆಯೇ, ತೆಂಗಿನ ಗರಿ ಅಲುಗುತ್ತಿದೆಯೇ ಎಂದು ನೋಡಿಕೊಂಡರೆ ಮರುದಿನದ ಬೆಳಗನ್ನು ಬಹುಮಟ್ಟಿಗೆ ಊಹಿಸಬಹುದು. 2008ರಲ್ಲಿ ದೇವನಹಳ್ಳಿಯ ಬಯಲಿನಲ್ಲಿ ವಿಮಾನನಿಲ್ದಾಣ ತೆರೆಯಿತಷ್ಟೆ. ಅಲ್ಲಿ ಚಳಿಗಾಲದ ಬೆಳಗುಗಳಲ್ಲಿ ಮಂಜಿನಿಂದಾಗಿ ವಿಮಾನಗಳು ತಡವಾಗುವುದನ್ನು ಪತ್ರಿಕೆಯಲ್ಲಿ ಓದುತ್ತೇವೆ. ಪ್ರಯಾಣಿಕರ ಸಂಕಟ ನಿಜವೇ. ಅದೇ ಮಂಜು ಪಕ್ಕದ ರಾಗಿಹೊಲದ ಬದುವಿನ ಮೇಲೆ ನಿಂತವನಿಗೆ ಪರಮಾನಂದ.

ಮಂಜನ್ನು ಚಿತ್ರದಲ್ಲಿ ಹಿಡಿಯುವಾಗ ಒಂದು ಸಂಗತಿಯನ್ನು ತಿಳಿದಿರಬೇಕು. ಕ್ಯಾಮರಾದೊಳಗೆ ಬೆಳಕನ್ನು ಅಳೆಯುವ ಯಂತ್ರವು ಲೋಕವೆಲ್ಲ ಸರಾಸರಿ ಬೂದುಬಣ್ಣದ್ದೆಂದು ನಂಬಿಕೊಂಡಿರುತ್ತದೆ. ಬೆಳ್ಳಗಿನ ಮಂಜನ್ನು ಕಂಡರೆ ಬೆಳಕು ಹೆಚ್ಚಾಯಿತೆಂದು ಗಾಬರಿಗೊಂಡು ಚಿತ್ರವನ್ನು ಮಂಕಾಗಿಸುತ್ತದೆ. ಆದ್ದರಿಂದ ಅದು ಕೇಳಿದ್ದಕ್ಕಿಂತ ಮುಕ್ಕಾಲು ಅಥವಾ ಒಂದು ಮೆಟ್ಟಿಲು ಹೆಚ್ಚು ಬೆಳಕನ್ನು ನಾವಾಗಿಯೇ ಕೊಡಬೇಕು. ಮೊಬೈಲು ಫೋನಿನಲ್ಲಾದರೆ ತೆರೆಯನ್ನು ಮುಟ್ಟಿ, ಅಲ್ಲಿ ಮೂಡುವ ಬೆಳಕಿನ ಗುರುತನ್ನು ತುಸು ಮೇಲಕ್ಕೆ ಸರಿಸಿದರಾಯಿತು. ಮಂಜಿನಲ್ಲಿ ದೂರದ ವಸ್ತುಗಳೆಲ್ಲ ಕರಗಿಹೋಗುವುದರಿಂದ ಹತ್ತಿರದಲ್ಲಿ ಒಂದು ಗಟ್ಟಿ ಆಕಾರವಾದರೂ ಇರಬೇಕು: ಒಂದು ಹಲಸಿನ ಮರ, ಬಾವಿಯ ರಾಟೆ, ಸೈಕಲ್ಲಿನ ಮೇಲೆ ಹಾಲಿನ ಕ್ಯಾನು ಕಟ್ಟಿಕೊಂಡು ಬರುವ ಹುಡುಗ. ಇಬ್ಬನಿ ಕೂತ ಜೇಡರ ಬಲೆಗೆ ಮಾತ್ರ ಸೂರ್ಯನಿಗೆ ಎದುರಾಗಿಯೇ ನಿಲ್ಲಬೇಕು, ಹಿನ್ನೆಲೆಯಲ್ಲಿ ನೆರಳಿರಬೇಕು. ರಸ್ತೆಬದಿಯ ಚಹದ ಅಂಗಡಿಯ ಹಬೆಗೂ ಇದೇ ನಿಯಮ. ಬೆಳಕು ಹಿಂದಿನಿಂದ ಬಂದರೆ ಆ ಹಬೆ ಯಜ್ಞಕುಂಡದ ಹೊಗೆಯಂತೆ ಕಾಣುತ್ತದೆ. ಮುಂದಿನಿಂದ ಬಂದರೆ ಕಾಣುವುದೇ ಇಲ್ಲ.

ಚಳಿಯ ಚಿತ್ರಗಳೆಂದರೆ ನಂದಿಬೆಟ್ಟಕ್ಕೇ ಹೋಗಬೇಕೆಂದು ನಮ್ಮ ತರುಣರು ನಿರ್ಧರಿಸಿಬಿಟ್ಟಿದ್ದಾರೆ. 1478 ಮೀಟರಿನ ಆ ನೆತ್ತಿಯಿಂದ ಕಾಣುವ ಮೋಡದ ಕಡಲನ್ನು ನಾನೇನೂ ಹಳಿಯಲಾರೆ. ಆದರೆ ರಜೆಯ ದಿನ ಬೆಟ್ಟದ ಬುಡದಲ್ಲಿ ಸಾಲುಗಟ್ಟಿದ ವಾಹನಗಳ ನಡುವೆ ಸೂರ್ಯೋದಯವನ್ನು ಕಳೆದುಕೊಳ್ಳುವುದಕ್ಕಿಂತ, ಬೆಟ್ಟಕ್ಕೆ ಬೆನ್ನು ಹಾಕಿ ಯಾವುದಾದರೊಂದು ಹಳ್ಳಿಯ ದಾರಿ ಹಿಡಿಯುವುದು ಮೇಲು. ಆ ದಾರಿಯಲ್ಲಿ ಹುಚ್ಚೆಳ್ಳಿನ ಹಳದಿ ಹೂ ಮುಗಿಯುತ್ತ ಬಂದಿರುತ್ತದೆ, ಅವರೆಯ ಹೂ ತೊಡಗಿರುತ್ತದೆ. ಇಬ್ಬನಿ ಬಿದ್ದಷ್ಟೂ ಅವರೆಗೆ ಸೊಗಡು ಹೆಚ್ಚೆಂದು ನಮ್ಮ ರೈತರು ಹೇಳುತ್ತಾರೆ. ಆ ಸೊಗಡನ್ನು ಹಿಡಿಯುವ ಕ್ಯಾಮರಾ ಇನ್ನೂ ಹುಟ್ಟಿಲ್ಲವಾದ್ದರಿಂದ ಒಂದೆರಡು ಸೇರು ಕಾಯಿಯನ್ನು ಚೀಲದಲ್ಲಿ ತರುವುದು ಒಳ್ಳೆಯದು.

ಊರೊಳಗಿದ್ದೇ ತೃಪ್ತಿ ಪಡುವವರಿಗೂ ಕೊರತೆಯಿಲ್ಲ. ಆಕಾಶಮಲ್ಲಿಗೆಯ ಮರಗಳು ರಾತ್ರಿಯೆಲ್ಲ ಹೂ ಸುರಿಸಿ, ಬೆಳಗಿನ ಹೊತ್ತಿಗೆ ಕಾಲುದಾರಿಗೆ ಬಿಳಿಯ ಹಾಸು ಹಾಸಿರುತ್ತವೆ. ಕಸಗುಡಿಸುವವರು ಬರುವ ಮೊದಲೇ ಅಲ್ಲಿಗೆ ಹೋಗಬೇಕು. ಹಾಗೆ ಬಂದರೂ ಅವರೊಡನೆ ಜಗಳವಾಡಬೇಕಾಗಿಲ್ಲ. ಕಡ್ಡಿಪೊರಕೆಯ ಮುಂದೆ ಹೂಗಳು ಅಲೆಯಾಗಿ ಸರಿಯುವುದು ಬಿದ್ದ ಹೂಗಳಿಗಿಂತ ಚೆಲುವಾದ ದೃಶ್ಯ. ಬೆಂಗಳೂರಿನ ಬೀದಿಗಳಲ್ಲಿ ಗುಲಾಬಿ ಬಣ್ಣದ ಟಬೆಬುಯಾ ಅರಳುವುದೂ ಈ ಕಾಲದಲ್ಲಿಯೇ. ವರ್ಷದ ಒಂದೊಂದು ಕಾಲಕ್ಕೆ ಒಂದೊಂದು ಬೀದಿ ಹೂ ಬಿಡುವಂತೆ ಮರಗಳನ್ನು ಆಯ್ದ ಕೀರ್ತಿ ಲಾಲ್‌ಬಾಗಿನ ಮುಖ್ಯಸ್ಥರಾಗಿದ್ದ ಜರ್ಮನಿಯ ಕ್ರುಂಬಿಗಲ್ ಅವರಿಗೆ ಸಲ್ಲುತ್ತದೆ. ಲಾಲ್‌ಬಾಗಿನ ಬಂಡೆಯ ಮೇಲೆ, ಕೆಂಪೇಗೌಡರ ಗೋಪುರದ ಬಳಿ, ಮೊದಲ ಬಿಸಿಲಿಗೆ ಬೆನ್ನು ಕೊಟ್ಟು ಕುಳಿತ ವೃದ್ಧರ ಸಾಲು ಬೇರೊಂದು ಅಧ್ಯಾಯ. ಸುಮಾರು 300 ಕೋಟಿ ವರ್ಷಗಳ ಆ ಕಲ್ಲಿನ ಮೇಲೆ ಎಪ್ಪತ್ತು ವರ್ಷದವರೂ ಎಳೆಯರಂತೆಯೇ ಕಾಣುತ್ತಾರೆ.

ಗದಗದ ಕಡೆಯವರಿಗೆ ಇನ್ನೂ ದೊಡ್ಡ ಭಾಗ್ಯವಿದೆ. ಶಿರಹಟ್ಟಿಯ ಬಳಿಯ ಮಾಗಡಿ ಕೆರೆಗೆ ಹಿಮಾಲಯವನ್ನು ಹಾರಿ ದಾಟಿದ ಪಟ್ಟೆತಲೆಯ ಹೆಬ್ಬಾತುಗಳು ಈ ದಿನಗಳಲ್ಲಿ ಬಂದಿಳಿಯುತ್ತವೆ. 2024ರಲ್ಲಿ ಆ ಕೆರೆಗೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶವೆಂಬ ರಾಮ್‌ಸಾರ್ ಮನ್ನಣೆಯೂ ದೊರೆಯಿತು.

ನಾನು ಹೆಚ್ಚು ಹೋಗುವುದು ಇಷ್ಟು ಹೆಸರಿಲ್ಲದ ಒಂದೆಡೆಗೆ. ಊರು ಮುಗಿದು ಹೊಲ ತೊಡಗುವ ಜಾಗದಲ್ಲಿ ಒಂದು ರಾಗಿಯ ಕಣವಿದೆ. ಇತ್ತು ಎಂದೂ ಹೇಳಬಹುದು. ಮೊದಲ ವರ್ಷ ಅಲ್ಲಿಗೆ ಹೋದಾಗ ಸಗಣಿಯಿಂದ ಸಾರಿಸಿದ ನೆಲದ ಮೇಲೆ ಹೊರೆಗಳನ್ನು ಹರಡಿದ್ದರು; ರೋಣಗಲ್ಲು ಮರದ ಬುಡಕ್ಕೆ ಒರಗಿ ನಿಂತಿತ್ತು. ಮೊರ ಹಿಡಿದು ಕುಳಿತಿದ್ದ ಮುದುಕಿಯೊಬ್ಬಳನ್ನು, "ಅಜ್ಜಿ, ಒಂದು ಪಟ ತೆಗೆಯಲೇ?" ಎಂದು ಕೇಳಿದೆ. "ನನ್ನ ಪಟ ಹಿಡಿದು ಏನ್ ಮಾಡ್ತೀಯಪ್ಪ? ಹೋಗ್ಲಿ, ತೆಗಿ," ಎಂದಳು. ಮುಂದಿನ ವಾರ ಚಿತ್ರವನ್ನು ಅಚ್ಚುಹಾಕಿಸಿ ತೆಗೆದುಕೊಂಡು ಹೋದೆ. ಆಕೆ ಅದನ್ನು ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡಿದಳು. ತನ್ನ ಮುಖವನ್ನು ಕುರಿತು ಒಂದು ಮಾತೂ ಆಡಲಿಲ್ಲ. ಹಿಂದೆ, ಮಂಜಿನಲ್ಲಿ ಅರ್ಧ ಕರಗಿ ನಿಂತಿದ್ದ ಹಸುವನ್ನು ಬೆರಳಿನಿಂದ ತೋರಿಸಿ, "ನೋಡು, ನಮ್ ಗೌರಿ ಎಷ್ಟ್ ಚೆನ್ನಾಗ್ ಬಂದವ್ಳೆ," ಎಂದಳು. ನಾನು ಆ ಹಸುವನ್ನು ಹಿನ್ನೆಲೆಯ ಒಂದು ಛಾಯೆಯೆಂದಷ್ಟೇ ಎಣಿಸಿ ಚಿತ್ರಕ್ಕೆ ಸೇರಿಸಿಕೊಂಡಿದ್ದೆ!

ಮೂರನೆಯ ವರ್ಷ ಹೊಲದಲ್ಲಿ ರಾಗಿಯಿರಲಿಲ್ಲ. ಸುಣ್ಣ ಬಳಿದ ನಿವೇಶನದ ಕಲ್ಲುಗಳು ಸಾಲಾಗಿ ನಿಂತಿದ್ದವು. ಅವುಗಳ ಮೇಲೂ ಇಬ್ಬನಿ ಬಿದ್ದಿತ್ತು. ಅಜ್ಜಿಯ ಮಗ, "ಕಣ ಪೂರ್ತಿ ಕಾಣೋ ಪಟ ಇದ್ರೆ ಒಂದು ಕೊಡಿ ಸಾರ್, ಅಮ್ಮ ಕೇಳ್ತಾಳೆ," ಎಂದ. ಹೊಲವನ್ನು ಮಾರಿದ್ದು ಅವರ ಇಷ್ಟ, ಅವರ ಕಷ್ಟ. ಅದನ್ನು ವಿಮರ್ಶಿಸುವ ಅಧಿಕಾರ ಪೇಟೆಯಲ್ಲಿ ಸಂಬಳ ಎಣಿಸಿಕೊಳ್ಳುವ ನನಗಿಲ್ಲ. ಧರ್ಮಾಂಬುಧಿ ಕೆರೆ ಇಂದು ಬೆಂಗಳೂರಿನ ಬಸ್ಸುನಿಲ್ದಾಣ. ಸಂಪಂಗಿ ಕೆರೆಯ ಅಂಗಳದಲ್ಲಿ ಕಂಠೀರವ ಕ್ರೀಡಾಂಗಣವಿದೆ. ಆ ಕೆರೆಗಳ ಮೇಲೆ ಮಂಜು ನಿಂತ ಯಾವುದೋ ಸಾಮಾನ್ಯ ಬೆಳಗಿನ ಚಿತ್ರ ಸಿಕ್ಕಿದರೆ ಇಂದು ನಾವು ಎಷ್ಟು ಆಸೆಯಿಂದ ನೋಡುತ್ತೇವೆ! ಅರಮನೆ, ದರ್ಬಾರುಗಳ ಚಿತ್ರ ತೆಗೆಯಲು ಆಗಲೂ ಜನರಿದ್ದರು. ಸೊಪ್ಪು ತೊಳೆಯುವವಳನ್ನೂ ಕೆರೆಯ ಸೋಪಾನವನ್ನೂ ಚಿತ್ರಿಸುವುದಕ್ಕೆ ಬಿಡುವಿದ್ದವರು ವಿರಳ. ಆ ಬಿಡುವು ಈಗ ಪ್ರತಿಯೊಬ್ಬರ ಜೇಬಿನಲ್ಲಿಯೂ ಇದೆ.

ಜನರ ಚಿತ್ರ ತೆಗೆಯುವಾಗ ಸಂಕೋಚವಿರಬೇಕು. ಬೀದಿಯ ಬದಿಯಲ್ಲಿ ರಟ್ಟು ಸುಟ್ಟು ಮೈ ಕಾಯಿಸಿಕೊಳ್ಳುವ ಕಾವಲುಗಾರನಿಗೆ ಚಳಿ ನಮ್ಮ ಹಾಗೆ ವಿಲಾಸವಲ್ಲ. ಬೆಂಕಿಯ ಕೆಂಪು ಅವನ ಮುಖದ ಮೇಲೆ ಎಷ್ಟೇ ಸೊಗಸಾಗಿ ಬಿದ್ದಿರಲಿ, ಮೊದಲು ಒಂದು ಮಾತು ಆಡಿಸಿ, ಕೇಳಿ, ಆಮೇಲೆ ಚಿತ್ರ. ಬೇಡವೆಂದರೆ ಸುಮ್ಮನೆ ಆ ಬೆಂಕಿಗೆ ಕೈಯೊಡ್ಡಿ ನಿಂತು ಬಂದರೂ ಬೆಳಗು ಹಾಳಾಗದು.

ಸಂಜೆಯ ತಿರುಗಾಟಕ್ಕೆ ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯಲ್ಲಿ ನೆರೆಯುವ ಕಡಲೆಕಾಯಿ ಪರಿಷೆಗೆ ಸಮನಾದುದಿಲ್ಲ. ಸುಂಕೇನಹಳ್ಳಿಯ ಹೊಲಗಳಲ್ಲಿ ಕಡಲೆಕಾಯಿ ಮೇಯುತ್ತಿದ್ದ ಬಸವನ ಕತೆಯನ್ನು ಎಲ್ಲರೂ ಬಲ್ಲರು. ಕಡಲೆಕಾಯಿಯ ಮೂಲ ದಕ್ಷಿಣ ಅಮೆರಿಕವೆಂದು ಸಸ್ಯಶಾಸ್ತ್ರದವರು ಹೇಳುತ್ತಾರೆ. ಬಸವನು ಅದಕ್ಕೆ ತಲೆ ಕೆಡಿಸಿಕೊಂಡಂತಿಲ್ಲ. ಬೆಂಗಳೂರಿನಲ್ಲಿ ಸೂರ್ಯ ಅತ್ಯಂತ ಬೇಗ ಮುಳುಗುವುದು ಡಿಸೆಂಬರಿನಲ್ಲಲ್ಲ, ನವೆಂಬರಿನ ಉತ್ತರಾರ್ಧದಲ್ಲಿ, ಸುಮಾರು 5-50ಕ್ಕೆ. ಅನಂತರದ ಇಪ್ಪತ್ತು ನಿಮಿಷ ಆಕಾಶದಲ್ಲಿ ನೀಲಿಯೂ ಅಂಗಡಿಗಳಲ್ಲಿ ದೀಪಗಳೂ ಸರಿಸಮನಾಗಿ ತೂಗುತ್ತವೆ. ರಾಶಿಯ ಹಿಂದೆ ಕುಳಿತವಳ ಮುಖ, ಹುರಿಯುವ ಬಾಣಲೆಯ ಹೊಗೆ, ತಂದೆಯ ಹೆಗಲೇರಿದ ಮಗುವಿನ ಕೈಯಲ್ಲಿ ಪೊಟ್ಟಣ, ಎಲ್ಲವನ್ನೂ ಆ ಇಪ್ಪತ್ತು ನಿಮಿಷದಲ್ಲಿಯೇ ಮುಗಿಸಬೇಕು. ಕತ್ತಲಾದ ಮೇಲೆ ಕ್ಯಾಮರಾವನ್ನು ಚೀಲಕ್ಕೆ ಸೇರಿಸಿ ಕಡಲೆಕಾಯಿ ಬಿಡಿಸುತ್ತ ಮನೆಗೆ ಬರುವುದು ಕ್ರಮ.

ಹಿಂದೆ 120ರ ಫಿಲ್ಮಿನ ಸುರುಳಿಯೊಂದರಲ್ಲಿ ಚೌಕದ 12 ಚಿತ್ರಗಳಷ್ಟೇ ಬರುತ್ತಿದ್ದವು. ಹಾಗಾಗಿ ಒಂದೊಂದಕ್ಕೂ ಯೋಚನೆ ನಡೆಯುತ್ತಿತ್ತು. ಇಂದು ಒಂದು ಬೆಳಗಿಗೆ ಇನ್ನೂರು ತೆಗೆದು, ಒಂದನ್ನೂ ಮತ್ತೆ ನೋಡದೆ ಫೋನಿನ ಹೊಟ್ಟೆಯಲ್ಲಿ ಹೂತಿಡುವವರೇ ಹೆಚ್ಚು. ನಾನು ಹಳೆಯ ಲೆಕ್ಕವನ್ನೇ ಉಳಿಸಿಕೊಂಡಿದ್ದೇನೆ. ತೆಗೆಯುವುದು ಎಷ್ಟಾದರೂ ಆಗಲಿ, ಸಂಕ್ರಾಂತಿಯ ಹೊತ್ತಿಗೆ ಹನ್ನೆರಡನ್ನು ಆರಿಸಿ ಅಚ್ಚುಹಾಕಿಸುತ್ತೇನೆ. ಚಿತ್ರದಲ್ಲಿರುವವರಿಗೆ ಒಂದು ಪ್ರತಿ, ನನಗೊಂದು. ಬೆನ್ನಿನ ಮೇಲೆ ಪೆನ್ಸಿಲಿನಿಂದ ದಿನ, ವೇಳೆ, ಸ್ಥಳ. ಕಣದ ಚಿತ್ರದ ಹಿಂದೆ ಹೀಗಿದೆ: "ಮಾರ್ಗಶಿರ ಶುದ್ಧ ಪಂಚಮಿ. ಬೆಳಗ್ಗೆ 6-50. ಮಂಜು ದಟ್ಟ, ಗಾಳಿಯಿಲ್ಲ. ಎಡಕ್ಕೆ ಅಜ್ಜಿ, ಹಿಂದೆ ಗೌರಿ."