ಗ್ರಂಥಾಲಯದಲ್ಲಿ ಹುಡುಕುವ ಪಾಠ

ಬೇಕಾದ ಸಂಗತಿಯನ್ನು ತಾನೇ ಹುಡುಕಿ, ಅದನ್ನು ನಂಬಬಹುದೇ ಎಂದು ನೋಡಿ, ಸ್ವಂತ ಮಾತಿನಲ್ಲಿ ಬರೆಯುವುದನ್ನು ಶಾಲೆಯ ಮಗುವಿಗೆ ಹಂತಹಂತವಾಗಿ ಕಲಿಸಬೇಕಾಗುತ್ತದೆ. ಅಮೆರಿಕದ ಮೈಕ್ ಐಸೆನ್‌ಬರ್ಗ್ ಮತ್ತು ಬಾಬ್ ಬರ್ಕೊವಿಟ್ಜ್ 1990ರಲ್ಲಿ ಪ್ರಕಟಿಸಿದ ‘ಬಿಗ್ ಸಿಕ್ಸ್’ ಕ್ರಮ ಇದಕ್ಕೆ ಹೆಸರುವಾಸಿ. ಕೆಲಸವೇನೆಂದು ಗೊತ್ತುಮಾಡಿಕೊಳ್ಳುವುದು, ಆಕರಗಳನ್ನು ಆಯ್ದುಕೊಳ್ಳುವುದು, ಅವನ್ನು ಪತ್ತೆಹಚ್ಚುವುದು, ಓದಿ ಹೆಕ್ಕುವುದು, ಹೆಕ್ಕಿದ್ದನ್ನು ಜೋಡಿಸುವುದು, ಕೊನೆಗೆ ಮಾಡಿದ್ದನ್ನು ತಾನೇ ಪರೀಕ್ಷಿಸುವುದು ಅದರ ಆರು ಮೆಟ್ಟಿಲು.

ಮೊದಲ ಮೆಟ್ಟಿಲೇ ಕಷ್ಟದ್ದು. ಶಾಲೆಗಳಲ್ಲಿ ಹೆಚ್ಚಾಗಿ ಬಿಟ್ಟುಹೋಗುವುದೂ ಅದೇ. ‘ಕೆರೆಗಳು’ ಎಂದಷ್ಟೇ ಪ್ರಾಜೆಕ್ಟ್ ಕೊಟ್ಟರೆ, ಸ್ಟೇಷನರಿ ಅಂಗಡಿಯಲ್ಲಿ ಸಿಗುವ ಚಿತ್ರಗಳನ್ನು ಕತ್ತರಿಸಿ ಅಂಟಿಸಿದ ಫೈಲು ಬರುತ್ತದೆ. ಅದಕ್ಕೆ ಮಗುವನ್ನು ದೂರಿ ಫಲವಿಲ್ಲ. ನಮ್ಮೂರ ಕೆರೆಗೆ ನೀರು ಎಲ್ಲಿಂದ ಬರುತ್ತದೆ, ಕೋಡಿ ಬಿದ್ದರೆ ಎಲ್ಲಿಗೆ ಹರಿಯುತ್ತದೆ, ಕಟ್ಟಿಸಿದವರು ಯಾರು ಎಂದು ಕೇಳಿದಾಗ ಹುಡುಕದೆ ವಿಧಿಯಿಲ್ಲ.

ಕೆರೆಗಳ ಬಗೆಗಿನ ಸಾಮಾನ್ಯ ತಿಳಿವಳಿಕೆಗೆ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶ ನೋಡಬೇಕು. ಮಳೆ, ನೀರಾವರಿಗೆ ಜಿಲ್ಲಾ ಗ್ಯಾಸೆಟಿಯರ್. ಕಟ್ಟಿಸಿದವರ ಹೆಸರಿಗಾಗಿ ದೊಡ್ಡ ಗ್ರಂಥಾಲಯಕ್ಕೆ ಹೋಗಿ ಬಿ.ಎಲ್. ರೈಸ್ ಆರಂಭಿಸಿದ ಎಪಿಗ್ರಾಫಿಯಾ ಕರ್ನಾಟಿಕಾ ತೆರೆಯಬಹುದು. ಅದರಲ್ಲಿ ಶಾಸನಗಳು ತಾಲ್ಲೂಕುವಾರು ಇರುವುದರಿಂದ ಹೈಸ್ಕೂಲು ಮಕ್ಕಳಿಗೂ ತಮ್ಮ ಸೀಮೆ ಬೇಗ ಸಿಗುತ್ತದೆ.

ವಿಶ್ವಕೋಶವಾಗಲಿ ನಿಘಂಟಾಗಲಿ, ಬಳಸಲು ಅಕಾರಾದಿ ಕ್ರಮ ಗೊತ್ತಿರಬೇಕು. ವರ್ಣಮಾಲೆ ಬಾಯಿಪಾಠವಿರುವವರೂ ಇಲ್ಲಿ ಎಡವುತ್ತಾರೆ. ಅನುಸ್ವಾರ ವ್ಯಂಜನಗಳಿಗಿಂತ ಮುಂಚೆ ಬರುತ್ತದೆ, ಒತ್ತಕ್ಷರ ಕಾಗುಣಿತವೆಲ್ಲ ಮುಗಿದ ಮೇಲೆ. ಹಾಗಾಗಿ ‘ಕಂಬ’ ಮೊದಲು, ‘ಕಲೆ’ ಆಮೇಲೆ, ‘ಕಲ್ಲು’ ಅದಕ್ಕೂ ಆಮೇಲೆ. ಒಂದಿಷ್ಟು ಪದಗಳನ್ನು ಚೀಟಿಯಲ್ಲಿ ಬರೆದುಕೊಟ್ಟು ಸಾಲಾಗಿ ಜೋಡಿಸಲು ಹೇಳಿದರೆ ಆಟದಲ್ಲೇ ಪಾಠ ಮುಗಿಯುತ್ತದೆ.

ಪುಸ್ತಕದ ಬೆನ್ನಿನ ಮೇಲಿನ ಸಂಖ್ಯೆ ಸಾಮಾನ್ಯವಾಗಿ ಮೆಲ್ವಿಲ್ ಡ್ಯೂಯಿ 1876ರಲ್ಲಿ ಪ್ರಕಟಿಸಿದ ದಶಮಾಂಶ ವರ್ಗೀಕರಣದ್ದು: ಹಕ್ಕಿಗಳಿಗೆ 598, ಕೃಷಿಗೆ 630, ಕರ್ನಾಟಕದ ಇತಿಹಾಸಕ್ಕೆ 954.87. ಇವನ್ನು ಉರು ಹೊಡೆಸಬೇಕಿಲ್ಲ. ಒಂದೇ ವಿಷಯದ ಪುಸ್ತಕಗಳು ಅಕ್ಕಪಕ್ಕ ಇರುತ್ತವೆ ಎಂಬುದು ಹೊಳೆದರೆ ಸಾಕು.

ಟಿಪ್ಪಣಿಗೆ ಒಂದು ಚೀಟಿಗೆ ಒಂದೇ ಸಂಗತಿ. ಕೆಳಗೆ ಲೇಖಕ, ಪುಸ್ತಕ, ಪುಟಸಂಖ್ಯೆ. ಪುಸ್ತಕ ಮುಚ್ಚಿಟ್ಟೇ ಬರೆಯಬೇಕೆಂಬ ಕಟ್ಟಳೆ ಮಾಡಿದರೆ ನಕಲು ತಾನಾಗಿ ಕಡಿಮೆಯಾಗುತ್ತದೆ. ಕೆರೆಯ ನೀರು ಹಂಚುವ ನೀರುಗಂಟಿಯ ಮಾತೂ ಆಕರವೇ, ಅದಕ್ಕೂ ಹೆಸರು, ದಿನಾಂಕ ಬೇಕು. ಅಂತರ್ಜಾಲದ ಪುಟವಾದರೆ ಬರೆದವರು ಯಾರು, ಯಾವಾಗ ಎಂದು ಮೊದಲು ನೋಡಬೇಕು. ಎರಡು ಕಡೆ ಎರಡು ಬಗೆಯಾಗಿದ್ದರೆ ಎರಡನ್ನೂ ದಾಖಲಿಸಬೇಕು.

ಓದುತ್ತ ಹೋದಂತೆ ಮಕ್ಕಳು ದಿಕ್ಕುತಪ್ಪುವುದುಂಟು. ಅಮೆರಿಕದ ಪ್ರೌಢಶಾಲಾ ವಿದ್ಯಾರ್ಥಿಗಳನ್ನು ಅಧ್ಯಯನ ಮಾಡಿದ ಕ್ಯಾರಲ್ ಕುಲ್ತಾವ್, ವಿಷಯ ಆರಿಸಿಕೊಂಡ ಮೇಲಿನ ಹುಡುಕಾಟದ ಹಂತದಲ್ಲಿ ಗೊಂದಲ, ಅನುಮಾನ ಹೆಚ್ಚುತ್ತವೆಂದು ಕಂಡುಕೊಂಡರು. ಶಿಕ್ಷಕರ ನೆರವು ಆಗಲೇ ಸಿಗಬೇಕು. ವರದಿಗೆ ಅಂಕ ಹಾಕುವಾಗ ಹೇಳುವ ಬುದ್ಧಿಮಾತಿನಿಂದ ಪ್ರಯೋಜನ ಕಡಿಮೆ.

ಕರ್ನಾಟಕದ ಹಳ್ಳಿಗಳಲ್ಲಿ ಈ ಅಭ್ಯಾಸಕ್ಕೆ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಹತ್ತಿರದ ಜಾಗ. 2020ರಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಡಿ ಅಲ್ಲಿ ಮಕ್ಕಳಿಗೆ ಸದಸ್ಯತ್ವ ಉಚಿತ. ಹುಡುಕಿಯೂ ಉತ್ತರ ಸಿಗದ ಪ್ರಶ್ನೆಗಳನ್ನು ವರದಿಯ ಕೊನೆಯಲ್ಲಿ ಬರೆಸುವುದು ಒಳ್ಳೆಯ ರೂಢಿ. ಮುಂದಿನ ವರ್ಷದ ತರಗತಿ ಅಲ್ಲಿಂದ ಶುರುಮಾಡಬಹುದು.